ಗದ್ದ ಅರ್ಧ ಅಂಗುಲ

ಬೆಳಗಿನಿಂದ ಮೂವತ್ತೊಂಬತ್ತನೆಯ ಪಿಂಗಾಣಿ ಬೇಸಿನ್ನಿನ ಅಂಚಿಗೆ ಅವಳು ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟಳು. ಠಣ್ ಎಂದಿತು. ಸರಿಯಾಗಿ ಬೆಂದ ಬೇಸಿನ್ನು ಹಾಗೇ ಅನ್ನುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ನೆಗಡಿಯಾದವರ ಹಾಗೆ ಠಪ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಲ್ಲಿ ಹಿಡಿಯುವ ಈ ಕೆಲಸವನ್ನು ಅವಳು ಹನ್ನೊಂದು ವರ್ಷದಿಂದ ಮಾಡುತ್ತಿದ್ದಳು. ನಲವತ್ತನೆಯದು ಠಪ್ ಎಂದಿತು. ಅದರ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೀಟು ಎಳೆದು ತಲೆಯೆತ್ತಿದಾಗ, ಕಿಟಕಿಯ ಗಾಜಿನಾಚೆ, ಓಣಿಯಲ್ಲಿ ತನ್ನ ಗಂಡ ಬರುವುದು ಕಂಡಿತು.

ಹೊಟ್ಟೆಗೊಂದು ಬೇಸಿನ್ನು ಅವುಚಿಕೊಂಡಿದ್ದ. ಮೂಗಿನ ಮೇಲೆ ಹೊಸ ಕನ್ನಡಕ. ಎದುರಿನಿಂದ, ಭಟ್ಟಿ ನೋಡಿಕೊಳ್ಳುವ ಭಟ್ಟಿಯಣ್ಣ ಬರುತ್ತಿದ್ದ. ಇಬ್ಬರೂ ಹತ್ತಿರವಾದರು. ಗಂಡನ ಗದ್ದ ನಿಧಾನವಾಗಿ ಕೆಳಗಿಳಿಯಿತು, ಎದೆಗೆ ತಾಗುವಷ್ಟು ಇಳಿಯಿತು, ಅಲ್ಲೇ ನಿಂತಿತು. ಅವನು ಹಾಗೇ ದಾಟಿ ಹೋದ. ಭಟ್ಟಿಯಣ್ಣ ಮಾತ್ರ ಇದ್ದಲ್ಲೇ ನಿಂತುಬಿಟ್ಟ. ಇಪ್ಪತ್ತು ವರ್ಷ ಬೆಂಕಿಯೆದುರು ನಿಂತು ಕೆಂಪಗಾಗಿದ್ದ ಅವನ ಮುಖ ಸುಡದ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ನಮ್ಮನೆಯವರಿಗೇನಾಯ್ತಪ್ಪ" ಅಂದುಕೊಂಡು ಅವಳು ನಲವತ್ತೊಂದನೆಯದನ್ನು ಎಳೆದುಕೊಂಡಳು.

ಆದದ್ದೇನು ಅಂತ ತಿಳಿಯಬೇಕಾದರೆ ಆ ಓಣಿಯ ಶಾಸ್ತ್ರ ತಿಳಿಯಬೇಕು. ಭಟ್ಟಿಯಿಂದ ತಪಾಸಣೆ ಕೋಣೆಯವರೆಗೆ ನೂರಿಪ್ಪತ್ತು ಅಡಿ ಉದ್ದ. ಅಗಲ, ಹೊಟ್ಟೆಗೆ ಬೇಸಿನ್ನು ಅವುಚಿಕೊಂಡ ಇಬ್ಬರು ಮೊಣಕೈ ಒಳಗೆಳೆದುಕೊಂಡರೆ ದಾಟಬಹುದಾದಷ್ಟು. ಬೆಂದ ಮಾಲು ಈ ಕಡೆ ಬರುತ್ತದೆ, ಅವಳು ಗೀಟು ಹಾಕಿದ್ದು ಆ ಕಡೆ ಹೋಗುತ್ತದೆ. ಅಲ್ಲಿ ಮಾತಾಡುವ ಹಾಗಿಲ್ಲ. ಹಿಂದೊಮ್ಮೆ ಯಾರೋ ಎದುರಾದವನಿಗೆ ಒಂದು ಮಾತು ಹೇಳಿ ನಗಿಸಿ, ನಕ್ಕವನ ಕೈಯಿಂದ ಕಮೋಡೊಂದು ಬಿದ್ದು, ಅಂದಿನಿಂದ ಮಾತಿಗೆ ನಿಷೇಧ. ಕೈಯೆತ್ತಲು ಕೈ ಖಾಲಿಯಿಲ್ಲ. ಆದ್ದರಿಂದ ಅಲ್ಲಿನ ಗಂಡಸರ ಸಕಲ ಸ್ನೇಹ ಸೌಜನ್ಯಗಳೂ ಕತ್ತಿನ ಮೂಲಕವೇ ನಡೆಯಬೇಕಾಗಿತ್ತು.

ಸರೀಕರು ಎದುರಾದರೆ ಗದ್ದ ಅರ್ಧ ಅಂಗುಲ ಮೇಲೆ. ಮೇಲಿನವರು ಎದುರಾದರೆ ಗದ್ದ ಚಕ್ಕನೆ ಕೆಳಗೆ, ಚಕ್ಕನೆ ವಾಪಸ್ಸು. ಅದೇ ಮನುಷ್ಯ ಅದೇ ದಿನ ಎರಡನೆಯ ಸಲ ಸಿಕ್ಕರೆ ಹುಬ್ಬು ಮಾತ್ರ. ಮೂರನೆಯ ಸಲ ತುಟಿ ಬಿಗಿಹಿಡಿದರೆ ಸಾಕು. ನಾಲ್ಕನೆಯ ಸಲ ಕೈಯಲ್ಲಿರುವ ಬೇಸಿನ್ನನ್ನು ಈಗಷ್ಟೇ ಕಂಡವರಂತೆ ನೋಡಿಕೊಂಡು ಹೋಗಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಇನ್ನು, ಗದ್ದವನ್ನು ನಿಧಾನವಾಗಿ ಎದೆಯವರೆಗೆ ಇಳಿಸಿ ಅಲ್ಲೇ ಹಿಡಿಯುವುದು ಒಂದಿದೆ. ಅದು ಅಪರೂಪದ್ದು. ಮನೆಯಲ್ಲಿ ಸಾವಾದವನಿಗೆ, ಇಲ್ಲವೇ ಕೆಲಸ ಹೋದವನಿಗೆ ಮಾತ್ರ ಸಲ್ಲುವಂಥದ್ದು. ಹನ್ನೊಂದು ವರ್ಷದಲ್ಲಿ ಅವಳು ಅದನ್ನು ನೋಡಿದ್ದು ಮೂರೇ ಸಲ.

ಅವಳಿಗೆ ಈ ಶಾಸ್ತ್ರ ಕಂಠಪಾಠವಾಗಿದ್ದು ಕಿಟಕಿಯಿಂದ. ಅವಳ ಪಾಲಿಗೆ ಅದರಲ್ಲಿ ಒಂದು ಹುಬ್ಬೂ ಇರಲಿಲ್ಲ. ದಿನಕ್ಕೆರಡು ಸಲ ಅವಳು ಆ ಓಣಿಯಲ್ಲಿ ನಡೆಯುವಾಗ ಎದುರಾದ ಗಂಡಸರೆಲ್ಲ ಗೋಡೆಯಲ್ಲಿ ನೇತುಹಾಕಿದ್ದ ಕೆಂಪು ಬಣ್ಣದ ಮರಳಿನ ಬಕೆಟ್ಟನ್ನು ನೋಡುತ್ತಿದ್ದರು. ಹೆಂಗಸಿಗೆ ಯಾವ ಕತ್ತು ಅಂತ ಯಾರಿಗೂ ಗೊತ್ತಿರಲಿಲ್ಲ, ಪಾಪ. ಬೆಂಕಿಯಾರಿಸುವ ಬಕೆಟ್ಟಿಗೆ ಅಷ್ಟು ಮರ್ಯಾದೆ ಸಿಗುವುದು ಲೋಕದಲ್ಲಿ ಇನ್ನೆಲ್ಲೂ ಇರಲಾರದು.

ಗಂಡನಿಗಾದರೋ ಈ ಶಾಸ್ತ್ರ ಯಾವತ್ತೂ ಒಗ್ಗಿರಲಿಲ್ಲ. ಓಣಿಯ ಆ ತುದಿಯಲ್ಲಿ ಯಾರಾದರೂ ಕಂಡ ಕೂಡಲೇ ನಗಲು ಶುರುಮಾಡಿ, ಅವರು ಹತ್ತಿರ ಬರುವಷ್ಟರಲ್ಲಿ ನಗೆಯೆಲ್ಲ ಖರ್ಚಾಗಿ, ಸರಿಯಾದ ಹೊತ್ತಿಗೆ ಹಲ್ಲುನೋವಿನವನಂತೆ ದಾಟುತ್ತಿದ್ದ. ಆದರೂ ಯಾರಿಗೂ ಬೇಡವಾದವನಲ್ಲ. ನಲವತ್ತೇಳು ದಾಟಿದ ಮೇಲೆ ಪತ್ರಿಕೆಯನ್ನು ಮಾರುದೂರ ಹಿಡಿದು ಓದುವುದು ಹೆಚ್ಚಾಗಿ, ಅವಳೇ ಒತ್ತಾಯಿಸಿ ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದಳು. ಡಾಕ್ಟರು ಚಾಳೀಸು ಅಂದರು. ಅವನು ಕುಗ್ಗಿಹೋದ.

"ದಾರ ಕಟ್ಟಿ ಕತ್ತಿಗೆ ನೇತುಹಾಕ್ಕೊಳ್ಳೋ ಅಂಥದ್ದು ನಾನು ಹಾಕಲ್ಲ ಕಣೆ. ಅದು ಮುದುಕರದ್ದು."

"ಹಾಗಾದ್ರೆ ಓದಬೇಡಿ ಬಿಡಿ."

ಕೊನೆಗೆ ಮೇಲರ್ಧ ಬರೀ ಗಾಜು, ಕೆಳಗರ್ಧ ಚಾಳೀಸಿನದು, ಹೀಗೆ ಎರಡಂತಸ್ತಿನ ಕನ್ನಡಕವೊಂದನ್ನು ಮಾಡಿಸಿಕೊಂಡು, ಧೂಳಿಗೆ ಹಾಕಿಕೊಂಡಿದ್ದೇನೆ ಅಂತ ಊರಿಗೆಲ್ಲ ಹೇಳುವುದು, ನಿಜ ಸಂಗತಿಯನ್ನು ಗಂಡಹೆಂಡಿರಲ್ಲೇ ಇಟ್ಟುಕೊಳ್ಳುವುದು ಅಂತ ತೀರ್ಮಾನವಾಯಿತು. ಅವಳಿಂದ ಮಾತು ತೆಗೆದುಕೊಂಡ. ಆ ಕನ್ನಡಕ ಹಾಕಿಕೊಂಡು ನಡೆಯುವಾಗ ಕಾಲಬುಡದ ನೆಲ ಕೆಳಗಿನ ಗಾಜಿನಲ್ಲಿ ಕಂಡು ಕಲಸಿಹೋಗುತ್ತದೆ, ಮೇಲಿನ ಗಾಜಿನಲ್ಲಿ ನೆಲ ನೋಡಬೇಕಾದರೆ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು ಅನ್ನುವುದನ್ನು ಅಂಗಡಿಯವನು ಹೇಳಿರಲಿಲ್ಲ. ಓಣಿಯಲ್ಲಿ ಮೂರು ಕಡೆ ನೆಲ ಕುಸಿದಿತ್ತು. ಬುಧವಾರ ಮಧ್ಯಾಹ್ನದೊಳಗೆ ಅವನು ಹದಿನಾಲ್ಕು ಜನಕ್ಕೆ ಸಂತಾಪ ಸೂಚಿಸಿ ಮುಗಿಸಿದ್ದ.

ಅಂದು ಸಂಜೆ ಅವಳು ತರಕಾರಿ ಹೆಚ್ಚುತ್ತಿದ್ದಾಗ ಭಟ್ಟಿಯಣ್ಣನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿ ಆಗಲೇ ಒದ್ದೆಯಾಗಿತ್ತು.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ನಿಜ ಹೇಳಿಬಿಡಿ. ಪಟ್ಟಿಯಲ್ಲಿ ನಮ್ಮೋರ ಹೆಸರು ಎಷ್ಟನೇದು?"

"ಯಾವ ಪಟ್ಟಿ?"

"ಕೆಲಸದಿಂದ ತೆಗೆಯೋರದ್ದು. ಓಣೀಲಿ ಬಕೆಟ್ಟಿನ ಮೇಲೆ ಗೋಡೆಗೆ ಕಾಗದ ಅಂಟಿಸಿಲ್ವಾ? ನಮ್ಮೋರು ಬಂದು ಊಟಾನೂ ಮಾಡಿಲ್ಲ. ಗೋಡೆ ನೋಡ್ತಾ ಕೂತಿದ್ದಾರೆ. ನಿಮ್ಮ ಯಜಮಾನ್ರು ತಲೆ ತಗ್ಗಿಸಿದೋರು ಏಳು ಎಣಿಸೋವರೆಗೂ ಎತ್ತಲಿಲ್ಲವಂತೆ. ಏಳು ಅಕ್ಕಾ! ಅವರ ಅಪ್ಪ ಹೋದಾಗ್ಲೂ ಯಾರೂ ಐದರ ಮೇಲೆ ಹೋಗಿರಲಿಲ್ಲ."

"ಅಯ್ಯೋ, ಅದು ಹಾಗಲ್ಲ..."

"ಸೋಮವಾರ ನಿಮ್ಮೋರು ಮ್ಯಾನೇಜರ ರೂಮಿಗೆ ಹೋಗಿ, ಬಾಗಿಲು ಹಾಕ್ಕೊಂಡು, ಕಣ್ಣು ಒರೆಸ್ಕೊಂಡು ಆಚೆ ಬಂದ್ರಂತೆ. ಎಲ್ಲರೂ ನೋಡಿದ್ದಾರೆ."

ಅವನು ಹೋಗಿದ್ದು ಡಾಕ್ಟರ ಚೀಟಿ ಕೊಟ್ಟು ಅರ್ಧ ದಿನದ ರಜೆಗೆ ಸಹಿ ಹಾಕಿಸಲು. ಬಾಗಿಲು ಮುಚ್ಚಿಕೊಂಡಿದ್ದು ಅದರ ಸ್ಪ್ರಿಂಗಿನಿಂದ. ಕಣ್ಣಲ್ಲಿ ನೀರು ಬಂದಿದ್ದು ಡಾಕ್ಟರು ಬಿಟ್ಟ ಔಷಧಿಯಿಂದ. ಇಷ್ಟನ್ನೂ ಹೇಳಬೇಕಾದರೆ ಕಣ್ಣಿನ ಡಾಕ್ಟರ ಸುದ್ದಿ ಬರುತ್ತದೆ, ಅದರ ಬೆನ್ನಿಗೆ ಚಾಳೀಸು ಬರುತ್ತದೆ. ಅವಳು ಮಾತು ಕೊಟ್ಟಿದ್ದಳು.

"ಆ ಕಾಗದ ಪಟ್ಟಿ ಅಲ್ಲ" ಎಂದಳು, ಅಷ್ಟನ್ನೇ.

"ಮತ್ತೇನು?"

ಅವಳು ಬಾಯಿ ತೆರೆದವಳು ಮುಚ್ಚಿದಳು. ಅದೇನೆಂದು ಆ ಕಾರ್ಖಾನೆಯಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ತಪಾಸಣೆ ವಿಭಾಗದ ಮುಖ್ಯಸ್ಥರು ಹೋದ ತಿಂಗಳು ನಿವೃತ್ತರಾಗಿದ್ದರು. ಆ ಜಾಗಕ್ಕೆ ಅರ್ಜಿ ಕರೆದ ಕಾಗದ ಅದು. ಇರುವೆ ಸಾಲಿನಂಥ ಅಕ್ಷರ. ಹನ್ನೊಂದು ದಿನದ ಹಿಂದೆಯೇ ಓದಿ, ಆಫೀಸಿನಿಂದ ಒಂದು ಅರ್ಜಿ ನಮೂನೆ ಇಸಿದುಕೊಂಡು, ನಾಲ್ಕಾಗಿ ಮಡಿಸಿ ಏಪ್ರನ್ನಿನ ಜೇಬಿನಲ್ಲಿಟ್ಟಿದ್ದಳು. ಎರಡು ಮೂರು ದಿನಕ್ಕೊಮ್ಮೆ ಇನ್ನೊಂದು ಮಡಿಕೆ ಹಾಕಿ ಹಾಕಿ ಅದು ಈಗ ಅಡಿಕೆಯಷ್ಟಾಗಿತ್ತು. ಮುಖ್ಯಸ್ಥರಾದವರು ಓಣಿಯಲ್ಲಿ ನಿಂತು, ಈ ಮಾಲು ಆಗಲ್ಲ, ವಾಪಸ್ ತಗೊಂಡು ಹೋಗಿ ಅಂತ ಗಂಡಸರಿಗೆ ಮುಖ ಕೊಟ್ಟು ಹೇಳಬೇಕು. ಬಕೆಟ್ಟು ನೋಡುತ್ತ ನಿಂತವರಿಗೆ ಹೇಳುವುದು ಹೇಗೆ? ಶುಕ್ರವಾರ ಕೊನೆಯ ದಿನ.

ಅವಳ ಈ ಮೌನವನ್ನು ಭಟ್ಟಿಯಣ್ಣನ ಹೆಂಡತಿ ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡಳು. "ಗೊತ್ತಾಯ್ತು ಬಿಡಿ ಅಕ್ಕಾ. ನಿಮಗೆ ಹೇಳೋ ಹಾಗಿಲ್ಲ" ಎಂದು ಮೂಗು ಒರೆಸಿಕೊಂಡು ಹೊರಟಳು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ತೀರ್ಪು ಕೊಟ್ಟರು. "ನನ್ನ ಮಗ ಚಿಕ್ಕಂದಿನಿಂದ ತಲೆ ತಗ್ಗಿಸಿಕೊಂಡೇ ನಡೆದವನು. ಒಂದು ದಿನ ಯಾರ ಮುಖಾನೂ ನೋಡಿದವನಲ್ಲ. ಅದಕ್ಕೆ ಇಷ್ಟು ದಿನ ಆದ ಮೇಲೆ ಅಳೋದು ಅಂದ್ರೆ ಏನಮ್ಮಾ?"

ಗಂಡ ಬಂದ ಮೇಲೆ ಅವಳು ಒಂದನ್ನೂ ಬಿಡದೆ ಹೇಳಿದಳು. ಕೇಳಿದವನ ಮುಖ ಬಾಡಿತು.

"ಅದಕ್ಕೇನಾ ಇವತ್ತು ಎಲ್ಲರೂ ನನಗೆ ದಾರಿ ಬಿಡ್ತಿದ್ದಿದ್ದು? ನಾನು ಕನ್ನಡಕ ಒಪ್ಪುತ್ತೆ ಅಂದ್ಕೊಂಡಿದ್ದೆ."

"ರೀ, ನಾಳೆ ಹೋದ ತಕ್ಷಣ ನಿಜ ಹೇಳಿಬಿಡಿ. ಒಬ್ಬರ ಮನೇಲಿ ಒಲೆ ಹಚ್ಚಿಲ್ಲ."

"ಚಾಳೀಸು ಅಂತ ಹೇಳೋದಾ? ಆಮೇಲೆ ರಿಟೈರ್ ಆಗೋವರೆಗೂ ಅಜ್ಜಾ ಅಜ್ಜಾ ಅಂತಾರೆ. ನೋಡ್ತಾ ಇರು, ನಾಳೆ ಗದ್ದ ಇಳಿಸೋದೇ ಇಲ್ಲ. ಆಗ ತಾನೇ ಸರಿಹೋಗುತ್ತೆ."

ಗುರುವಾರ ಅವನು ಕೊಟ್ಟ ಮಾತು ಉಳಿಸಿಕೊಂಡ. ಗದ್ದವನ್ನು ಆಕಾಶಕ್ಕೆ ಎತ್ತಿ, ಚಾವಣಿಯ ದೀಪಗಳನ್ನು ಎಣಿಸುವವನಂತೆ ಓಣಿಯಲ್ಲಿ ನಡೆದುಬಂದ. ಎದುರಾದ ಸ್ಟೋರ್ ಕೀಪರು ಆಸೆಯಿಂದ ಗದ್ದ ಅರ್ಧ ಅಂಗುಲ ಎತ್ತಿದ. ಗಂಡ ಅವನನ್ನು ಕಾಣಲೇ ಇಲ್ಲ. ಸ್ಟೋರ್ ಕೀಪರಿಗೆ ನೆಲ ಕುಸಿದಂತಾಯಿತು. ನಿನ್ನೆ ಸಂತಾಪ ಹೇಳಿದವನು ಇವತ್ತು ಮುಖವನ್ನೇ ನೋಡುತ್ತಿಲ್ಲ ಅಂದರೆ ಆರ್ಡರು ಬಂದೇಬಿಟ್ಟಿದೆ. ಅವರು ಹೊರಗೆ ಹಾಕುವ ಮೊದಲೇ ಮಾನವಾಗಿ ಹೊರಡುವುದು ಲೇಸೆಂದು, ಎರಡು ಸಾಲಿನ ರಾಜೀನಾಮೆ ಬರೆದು ಮ್ಯಾನೇಜರ ಮೇಜಿನ ಮೇಲಿಟ್ಟು, ಬೀಗದಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಓಣಿಯ ಬಾಯಲ್ಲಿ ನಿಂತ.

ಇತ್ತ ಉಳಿದವರು ಒಬ್ಬೊಬ್ಬರಾಗಿ ಬಂದು ಬಕೆಟ್ಟಿನ ಮೇಲಿನ ಕಾಗದದ ಮುಂದೆ ನಿಲ್ಲುತ್ತಿದ್ದರು. ಕೈಯನ್ನು ಬೆನ್ನಿಗೆ ಕಟ್ಟಿಕೊಂಡು, ಪಾರಿವಾಳದ ಹಾಗೆ ಕತ್ತನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ, "ಹೂಂ" ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಕಾರ್ಖಾನೆಗೆ ಹೊಸಬರನ್ನು ಸೇರಿಸಿ ಎಷ್ಟೋ ವರ್ಷವಾಗಿ, ಅಲ್ಲಿ ಇದ್ದವರೆಲ್ಲ ನಲವತ್ತೈದರ ಆಚೆಯವರು. ಕಿಟಕಿಯಿಂದ ನೋಡುತ್ತಿದ್ದ ಅವಳ ಕೊಡತಿ ಅರ್ಧದಲ್ಲೇ ನಿಂತಿತು. ಹನ್ನೆರಡು ದಿನದಿಂದ ಈ ಪಾರಿವಾಳದ ಕುಣಿತವನ್ನು ನೋಡುತ್ತಿದ್ದರೂ ಅದರ ಕಾರಣ ಅವಳಿಗೆ ಹೊಳೆದದ್ದು ಈಗ.

ಅಷ್ಟರಲ್ಲಿ ಬಾಗಿಲ ಬಳಿ ಕೆಮ್ಮು ಕೇಳಿಸಿತು. ಸಾಕ್ಷಾತ್ ಮ್ಯಾನೇಜರು. ತಪಾಸಣೆ ಕೋಣೆಗೆ ಅವರು ಕಾಲಿಟ್ಟು ಒಂದು ವರ್ಷವಾಗಿತ್ತು.

"ಅಲ್ಲಮ್ಮಾ... ನಿಮ್ಮ ಯಜಮಾನ್ರಿಗೆ ಹೆಡ್ ಆಫೀಸಿನಲ್ಲಿ ಯಾರಾದ್ರೂ ಬೇಕಾದವರು ಇದ್ದಾರಾ?"

"ಹೆಡ್ ಆಫೀಸು ಯಾವ ದಿಕ್ಕಿಗಿದೆ ಅಂತ್ಲೂ ಅವರಿಗೆ ಗೊತ್ತಿಲ್ಲ ಸಾರ್."

"ಹಾಗಾದ್ರೆ ನಿನ್ನೆ ಮೆಟ್ಟಿಲ ಮೇಲೆ ನನ್ನ ನೋಡಿ ಯಾಕೆ ಹೀಗೆ ಮಾಡಿದ್ರು?" ಮ್ಯಾನೇಜರು ತಮ್ಮ ಗದ್ದವನ್ನು ನಿಧಾನವಾಗಿ ಟೈಯ ಗಂಟಿನ ಮೇಲೆ ಇಳಿಸಿ ತೋರಿಸಿದರು. "ನನ್ನದು ಇನ್ನೂ ಎರಡು ವರ್ಷ ಸರ್ವೀಸ್ ಇದೆಯಮ್ಮಾ. ಮಗಳ ಓದು ಮುಗಿದಿಲ್ಲ. ಏನಾದ್ರೂ ಸುದ್ದಿ ಇದ್ರೆ..."

ಅವಳು ಉತ್ತರ ಹೇಳುವುದಕ್ಕೂ ಓಣಿಯಲ್ಲಿ ಆಕಾಶ ಕಳಚಿ ಬಿದ್ದಂತೆ ಶಬ್ದವಾಗುವುದಕ್ಕೂ ಸರಿಹೋಯಿತು.

ಆದದ್ದಿಷ್ಟೆ. ಆಕಾಶ ನೋಡುತ್ತ ನಡೆದಿದ್ದ ಗಂಡ ಮೂರನೆಯ ಕುಳಿಯಲ್ಲಿ ಮುಗ್ಗರಿಸಿದ. ಮುಗ್ಗರಿಸಿದವನು ನೆಲ ನೋಡಲೇಬೇಕಲ್ಲ, ಗದ್ದ ಎದೆಗೆ ಇಳಿಯಿತು. ಸರಿಯಾಗಿ ಅದೇ ಹೊತ್ತಿಗೆ ಎದುರು ನಿಂತಿದ್ದವನು, ನಿನ್ನೆಯಿಂದ ಊಟ ಬಿಟ್ಟಿದ್ದ ಭಟ್ಟಿಯಣ್ಣ. "ಅಯ್ಯಪ್ಪಾ, ಇವತ್ತೇನಾ?" ಎಂದು ಕೂಗಿ, ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡ. ಆ ಕೈಗಳಲ್ಲಿ ಅದುವರೆಗೆ ಒಂದು ಬೇಸಿನ್ನು ಇತ್ತು.

ಕಾರ್ಖಾನೆಯೆಲ್ಲ ಓಣಿಗೆ ಬಂದು ಸೇರಿತು. ಮಾತಿನ ನಿಷೇಧ ಯಾರಿಗೂ ನೆನಪಿರಲಿಲ್ಲ.

"ಒಂದೇ ಸಲ ಹೇಳಿಬಿಡೋ ಮಾರಾಯಾ! ದಿನಾ ದಿನಾ ಕತ್ತು ಇಳಿಸಿ ಯಾಕೆ ಕೊಲ್ತೀಯಾ?" ಭಟ್ಟಿಯಣ್ಣ ಗಂಡನ ಅಂಗಿ ಹಿಡಿದ.

"ಏನೂ ಇಲ್ಲ ಅಣ್ಣಾ, ಧೂಳಿಗೆ... ಇದು ಧೂಳಿಗೆ..." ಗಂಡ ಅವನ ಕಾಲಬಳಿಯ ಚೂರುಗಳನ್ನು ತುಳಿಯದಂತೆ ಮತ್ತೆ ಗದ್ದ ಇಳಿಸಿದ.

"ನೋಡಿದ್ರಾ, ಮತ್ತೆ!" ಎಂದ ಸ್ಟೋರ್ ಕೀಪರು. "ನನ್ನ ಬೀಗದಕೈ ತಗೊಳ್ಳಿ ಸಾರ್. ರಾಜೀನಾಮೆ ಮೇಜಿನ ಮೇಲಿದೆ."

"ರಾಜೀನಾಮೆಯಾ?" ಮ್ಯಾನೇಜರು ತಬ್ಬಿಬ್ಬಾದರು. "ರಜೆ ಚೀಟಿ ಅಂದ್ಕೊಂಡು ಸಹಿ ಹಾಕಿಬಿಟ್ಟೆನಲ್ಲಪ್ಪಾ!"

ಅವಳು ಕೊಡತಿ ಹಿಡಿದುಕೊಂಡೇ ಚೂರುಗಳನ್ನು ದಾಟಿ ಬಂದಳು. ಗಂಡ ಅವಳನ್ನು ದೀನವಾಗಿ ನೋಡಿದ. ಬೇಡ ಕಣೆ, ಅಂದವು ಅವನ ಕಣ್ಣು. ಹೇಳುವುದಿಲ್ಲ ಅಂತ ಅವಳು ಮಾತು ಕೊಟ್ಟಿದ್ದು ನಿಜ, ಹೇಳಲೂ ಇಲ್ಲ. ಅವನ ಮೂಗಿನಿಂದ ಕನ್ನಡಕ ತೆಗೆದು ಭಟ್ಟಿಯಣ್ಣನ ಮೂಗಿನ ಮೇಲೆ ಕೂರಿಸಿದಳು, ಅಷ್ಟೆ.

"ನಾಲ್ಕು ಹೆಜ್ಜೆ ನಡೀರಿ ಅಣ್ಣಾ. ಗಾಜಿನ ಚೂರಿನಂಥವೇ ಇವು, ಕಾಲು ನೋಡ್ಕೊಂಡು."

ಭಟ್ಟಿಯಣ್ಣ ಒಂದು ಹೆಜ್ಜೆಯಿಟ್ಟ. "ಅಯ್ಯೋ, ನೆಲ ಕರಗ್ತಾ ಇದೆ!" ಎಂದ. ಎರಡನೆಯ ಹೆಜ್ಜೆಗೆ ಅವನ ಗದ್ದ ನಿಧಾನವಾಗಿ ಇಳಿದು ಎದೆಗೆ ಒತ್ತಿಕೊಂಡಿತು. ಹಾಗೇ ಸ್ಟೋರ್ ಕೀಪರನ್ನು ದಾಟಿದ, ಮ್ಯಾನೇಜರನ್ನು ದಾಟಿದ. ಇಬ್ಬರೂ ಅಭ್ಯಾಸಬಲದಿಂದ ಬೆಚ್ಚಿಬಿದ್ದರು. ಆಮೇಲೆ ಯಾರೋ ಕಿಸಕ್ಕೆಂದರು.

"ಎಲ್ಲಿ, ನನಗೊಂಚೂರು ಕೊಡಿ" ಎಂದು ಸ್ಟೋರ್ ಕೀಪರು ಕೈಚಾಚಿದ. ಆದರೆ ಭಟ್ಟಿಯಣ್ಣ ಕೊಡುವ ಮನಸ್ಸಿನಲ್ಲಿರಲಿಲ್ಲ. ಬಕೆಟ್ಟಿನ ಮುಂದೆ ನಿಂತು ಗದ್ದ ಎತ್ತಿದ್ದ. ಕೆಳಗಿನ ಗಾಜಿನಲ್ಲಿ ಇರುವೆಗಳು ಅಕ್ಷರಗಳಾಗಿದ್ದವು. ಅವನು ಒಂದನೇ ತರಗತಿಯವನ ಹಾಗೆ ಜೋರಾಗಿ ಓದಿದ: "ತಪಾಸಣೆ ವಿಭಾಗದ ಮುಖ್ಯಸ್ಥರ ಜಾಗಕ್ಕೆ... ನಮ್ಮಲ್ಲೇ ಕೆಲಸ ಮಾಡುತ್ತಿರುವವರಿಂದ... ಅರ್ಜಿ... ಥತ್! ಇದು ಕೆಲಸ ತೆಗೆಯೋದಲ್ಲ, ಕೊಡೋದು!"

"ಹನ್ನೆರಡು ದಿನದಿಂದ ಹಾಕಿದ್ದೀನಿ. ಒಂದೇ ಒಂದು ಅರ್ಜಿ ಬಂದಿಲ್ಲ. ನೀವ್ಯಾರೂ ಓದಲೇ ಇಲ್ವಾ?" ಎಂದರು ಮ್ಯಾನೇಜರು.

ಗಂಡಸರೆಲ್ಲ ಬಕೆಟ್ಟು ನೋಡಿದರು.

"ಓದಿದ್ವಿ ಸಾರ್" ಎಂದ ಸ್ಟೋರ್ ಕೀಪರು. "ಪೂರ್ತಿ ಓದಿರಲಿಲ್ಲ."

"ಹಾಗಾದ್ರೆ ಇದು ಧೂಳಿಗಲ್ಲ" ಎಂದ ಭಟ್ಟಿಯಣ್ಣ, ಕನ್ನಡಕವನ್ನು ಮೂಗಿನ ಮೇಲೆ ಭದ್ರಪಡಿಸಿಕೊಳ್ಳುತ್ತ. ಗಂಡ ಕಣ್ಣು ಮುಚ್ಚಿಕೊಂಡು 'ಅಜ್ಜಾ' ಎಂಬ ಕೂಗಿಗಾಗಿ ಕಾದ. ಅದು ಬರಲಿಲ್ಲ. "ಎಲ್ಲಿ ಮಾಡಿಸಿದ್ಯೋ? ನಾಲ್ಕು ವರ್ಷ ಆಯ್ತು, ಭಟ್ಟಿಯ ಕಾವು ತೋರ್ಸೋ ಮುಳ್ಳು ಎಲ್ಲಿದೆ ಅಂತ ನನಗೆ ಕಾಣ್ತಿಲ್ಲ. ಮೂಗಿನ ಅಂದಾಜಲ್ಲೇ ನಡೆಸ್ತಿದ್ದೀನಿ."

ಅವಳಿಗೆ ಆಗ ತನ್ನ ಕೋಣೆಯ ಮೂಲೆಯಲ್ಲಿ ಪೇರಿಸಿದ್ದ ಗೀಟಿನ ಬೇಸಿನ್ನುಗಳು ಕಣ್ಣಮುಂದೆ ಬಂದವು. ಹತ್ತರಲ್ಲಿ ಮೂರು. ನಾಲ್ಕು ವರ್ಷದಿಂದ, ಹತ್ತರಲ್ಲಿ ಮೂರು.

"ಅಂದಾಜಲ್ಲೇನಾ?" ಎಂದಳು. ತನ್ನ ಧ್ವನಿ ಓಣಿಯ ಆ ತುದಿಗೆ ಬಡಿದು ವಾಪಸ್ಸು ಬಂದಾಗಲೇ ಅದು ಎಷ್ಟು ಜೋರಾಗಿತ್ತೆಂದು ಅವಳಿಗೆ ತಿಳಿದದ್ದು. "ನಾನಿಲ್ಲಿ ಠಪ್ ಠಪ್ ಅಂತ ಕೇಳಿ ಕೇಳಿ ಮಣ್ಣೇ ಸರಿಯಿಲ್ಲ ಅಂದ್ಕೊಂಡಿದ್ದೆ. ಭಟ್ಟಿಯಣ್ಣ, ಸೋಮವಾರದೊಳಗೆ ಕನ್ನಡಕ ಹಾಕಿಸ್ಕೊಂಡು ಬನ್ನಿ. ಇಲ್ಲಾಂದ್ರೆ ನಿಮ್ಮ ಭಟ್ಟಿಯ ಒಂದು ಮಾಲನ್ನೂ ನಾನು ಪಾಸ್ ಮಾಡಲ್ಲ. ಹೊತ್ಕೊಂಡು ಬಂದ ಹಾಗೇ ಹೊತ್ಕೊಂಡು ಹೋಗಬೇಕಾಗುತ್ತೆ."

ಇಪ್ಪತ್ತು ವರ್ಷದಲ್ಲಿ ಭಟ್ಟಿಯಣ್ಣನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವನು ಕನ್ನಡಕದ ಕೆಳಗರ್ಧದಿಂದ ಅವಳನ್ನು ನೋಡಿದ, ಮೇಲರ್ಧದಿಂದ ನೋಡಿದ. "ಆಯ್ತಮ್ಮಾ. ಶನಿವಾರವೇ ಹೋಗ್ತೀನಿ" ಎಂದ. ಸ್ಟೋರ್ ಕೀಪರು ಪೊರಕೆ ತರಲು ಹೋದ. ಮ್ಯಾನೇಜರು ರಾಜೀನಾಮೆಯನ್ನು ಹರಿಯಲು ಹೋದರು. ಹೋಗುವ ಮೊದಲು ಗಂಡನ ಕಿವಿಯಲ್ಲಿ, ಆ ಅಂಗಡಿ ಸಂಜೆ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತದೆ ಅಂತ ಕೇಳಿದರು.

ಸಂಜೆ ಚೀಲ ಹೆಗಲಿಗೇರಿಸಿ ಅವಳು ಓಣಿಗೆ ಬಂದಾಗ ಎದುರಿನಿಂದ ಭಟ್ಟಿಯಣ್ಣ, ದಿನದ ಕೊನೆಯ ಬೇಸಿನ್ನು ಹೊತ್ತು ಬರುತ್ತಿದ್ದ. ಅಭ್ಯಾಸದಂತೆ ಅವನ ಕಣ್ಣು ಬಕೆಟ್ಟಿನ ಕಡೆ ಹೋಯಿತು. ಅಲ್ಲಿ ಒಂದು ಗಳಿಗೆ ತಡವರಿಸಿತು. ಆಮೇಲೆ ವಾಪಸ್ಸು ಬಂದು ಅವಳ ಮುಖದ ಮೇಲೆ ನಿಂತಿತು. ಗದ್ದ ಅರ್ಧ ಅಂಗುಲ ಮೇಲೆ ಹೋಯಿತು.

ಕಿಟಕಿಯಿಂದ ನೋಡಿ ಕಲಿತ ವಿದ್ಯೆ ಕತ್ತಿಗೆ ಇಳಿದಿರುವುದಿಲ್ಲ. ಅವಳು ಎತ್ತಿದ ಗದ್ದ ಎರಡು ಅಂಗುಲ ಹೋಯಿತು, ಬಿಲ್ ಕೊಡದ ಗಿರಾಕಿಯನ್ನು ಕೇಳುವ ಅಂಗಡಿಯವನ ಹಾಗೆ. ಭಟ್ಟಿಯಣ್ಣನ ಮೀಸೆಯ ಕೆಳಗೆ ನಗೆ ಕಾಣಿಸಿತು. ಆದರೆ ಬೇಸಿನ್ನು ಬೀಳಲಿಲ್ಲ.

ಮನೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ, ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಅಡಿಕೆಯಷ್ಟಾಗಿದ್ದ ಕಾಗದವನ್ನು ಒಂದೊಂದೇ ಮಡಿಕೆ ಬಿಚ್ಚಿ ಅಂಗೈಯಿಂದ ತೀಡಿದಳು. ಸಾಮಾನಿನ ಚೀಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಪೆನ್ನು ತೆಗೆದಳು. ಪಡಸಾಲೆಯಲ್ಲಿ ಅತ್ತೆ, ತಲೆ ತಗ್ಗಿಸಿ ನಡೆಯುವುದರಿಂದ ಮಗ ಹೇಗೆ ಇಡೀ ಕಾರ್ಖಾನೆಯನ್ನು ಉಳಿಸಿದನೆಂದು ಪಕ್ಕದ ಮನೆಯವರಿಗೆ ವಿವರಿಸುತ್ತಿದ್ದರು. ಗಂಡ ನೀರು ಕುಡಿಯಲು ಒಳಗೆ ಬಂದ.

"ಏನು ಬರೀತಿದ್ದೀಯ?"

"ಸಾಮಾನಿನ ಚೀಟಿ."

"ಉಪ್ಪು ಬರಕೋ. ಮುಗಿದಿದೆ."

"ಬರಕೊಂಡೆ."

ಅವನು ಅವಳ ಹೆಗಲ ಹಿಂದೆಯೇ ಒಂದು ಕ್ಷಣ ನಿಂತ. ಕನ್ನಡಕ ಮೂಗಿನ ಮೇಲೇ ಇತ್ತು. ಗದ್ದವನ್ನು ಅರ್ಧ ಅಂಗುಲ ಎತ್ತಿದ್ದರೆ 'ಹುದ್ದೆ: ತಪಾಸಣೆ ಮುಖ್ಯಸ್ಥೆ' ಎಂದು ಅವಳು ತಿದ್ದಿ ಬರೆದದ್ದು ಸ್ವಚ್ಛವಾಗಿ ಕಾಣುತ್ತಿತ್ತು. ಆದರೆ ಅವನು ಹೊಸ್ತಿಲು ಎಡವದಂತೆ ಕಾಲು ನೋಡಿಕೊಂಡು, ಎದೆಗೆ ಗದ್ದ ಒತ್ತಿಕೊಂಡು, ಬಹಳ ಗೌರವದಿಂದ ಹೊರಗೆ ನಡೆದ.

ಅವಳು ಸಹಿ ಹಾಕಿ, ಈ ಸಲ ಒಂದೇ ಒಂದು ಮಡಿಕೆ ಮಾಡಿ, ಕಾಗದವನ್ನು ಏಪ್ರನ್ನಿನ ಜೇಬಿಗಿಟ್ಟಳು. ಆಮೇಲೆ ಸಾಮಾನಿನ ಚೀಟಿಯಲ್ಲಿ ಉಪ್ಪು ಎಂದು ಬರೆದಳು.